ಇಸವಿಯಿಲ್ಲದ ಬಂದೂಕಿನ ಪಂಚಾಂಗ

ಅಕ್ಷರವನ್ನು ಅನುಗ್ರಹಿಸಿದ ತಾಯಿಗೆ ಮೊದಲ ನಮಸ್ಕಾರ. ಆ ಅಕ್ಷರವನ್ನು ಮಸಿಯಲ್ಲಿ ಅದ್ದಿ ಕಾಗದದ ಮೇಲೆ ನಿಲ್ಲಿಸಿದ, ಹೆಸರೂ ಊರೂ ತಿಳಿಯದ ಮುದ್ರಣದ ಕೆಲಸಗಾರರಿಗೆ ಅದರ ನಂತರದ್ದು. ಇನ್ನೊಂದು ನಮಸ್ಕಾರವಿದೆ, ಓದುಗ ಮಹಾಶಯರೇ. ಅದು ಹಳೆಯ ಕಾಗದವನ್ನು ಕಂಡ ಕೂಡಲೇ ಒಲೆಗೆ ಹಾಕದೆ, ಆಮೇಲೆ ನೋಡಿದರಾಯಿತೆಂದು ಅಟ್ಟಕ್ಕೆ ಎಸೆದು ಮರೆತುಬಿಟ್ಟ ಎಲ್ಲ ಸೋಮಾರಿಗಳಿಗೆ ಸಲ್ಲತಕ್ಕದ್ದು. ಅವರ ಆಲಸ್ಯವು ದೈವಪ್ರೇರಿತವೆಂದೇ ನನ್ನ ನಂಬಿಕೆ. ಅದಿಲ್ಲದಿದ್ದರೆ ನಾನು ಹೇಳಹೊರಟಿರುವ ವಿಷಯ ಬೂದಿಯಾಗಿ ಯಾವುದೋ ಪಾತ್ರೆಯನ್ನು ಬೆಳಗಿ ಹೋಗುತ್ತಿತ್ತು.

ಇಂದು ಮುಂಜಾನೆ ಪೂಜೆ ಮುಗಿಸಿ ಕಪಾಟಿನಿಂದ ನೀಲಿ ರಟ್ಟಿನ ಪುಸ್ತಕವೊಂದನ್ನು ತೆಗೆದು ಬಿಚ್ಚಿದೆ. ಬಿಚ್ಚಿದೊಡನೆ ಸೀನು ಬಂತು. ಒಂದರ ಬೆನ್ನಿಗೆ ಇನ್ನೊಂದು. ಅಡುಗೆಮನೆಯಿಂದ ನನ್ನ ಪತ್ನಿ ಪದ್ಮಾವತಿ ಎಂದಿನಂತೆ ಕೂಗಿದಳು: "ಹಾರಿತೇನ್ರಿ ಬಂದೂಕು? ಯಾರಿಗೂ ತಗಲಿಲ್ಲಲಾ?"

ಯಾರಿಗೂ ತಗಲಲಿಲ್ಲ. ಆದರೆ ಆ ಸೀನಿನೊಂದಿಗೆ ನನ್ನ ಎದೆ ಇಂದಿಗೂ ಒಮ್ಮೆ ಡವಗುಟ್ಟುತ್ತದೆ. ಪುಸ್ತಕದ ಹಾಳೆಗಳಲ್ಲಿ ಸೇರಿಕೊಂಡಿರುವುದು ಬ್ಯಾಡಗಿಯ ಮೆಣಸಿನಕಾಯಿಯ ಘಾಟು. ಕಳೆದ ವರ್ಷ ಅದನ್ನು ನಾನು ಒಂದೇ ಒಂದು ಸಲ ಬ್ಯಾಡಗಿಗೆ ಒಯ್ದಿದ್ದೆ. ಅಂದಿನ ದಿಗಿಲು ಘಾಟಿನೊಂದಿಗೇ ಹಾಳೆಗಳಲ್ಲಿ ಕುಳಿತುಬಿಟ್ಟಿದೆ. ಎಷ್ಟು ಬಿಸಿಲಿಗೆ ಹಿಡಿದರೂ ಎರಡೂ ಹೋಗವು.

ಪುಸ್ತಕ ಯಾವುದೆಂದು ಹೇಳಿಬಿಡುತ್ತೇನೆ. ಅದು ಹಿಂದೊಮ್ಮೆ ಬಂದೂಕುಗಳನ್ನು ತಯಾರಿಸುತ್ತಿದ್ದ ಪರದೇಶದ ಕಂಪನಿಯೊಂದರ ಕ್ಯಾಟಲಾಗು. ಬಂದವರೆದುರು ಗೌರವಕ್ಕಾಗಿ ಅದನ್ನು ಸೂಚೀಪತ್ರವೆನ್ನುವುದೂ ಉಂಟು. ಇಂಥವು ನನ್ನಲ್ಲಿ ಒಂದು ಕಪಾಟು ತುಂಬ ಇವೆ. ರಾಣೇಬೆನ್ನೂರಿನ ಹೈಸ್ಕೂಲೊಂದರಲ್ಲಿ ಸಂಸ್ಕೃತ ಕಲಿಸಿ ನಿವೃತ್ತನಾದವನು ನಾನು. ಮುಂಜಾನೆ ಸಂಧ್ಯಾವಂದನೆ, ಸಂಜೆ ಪಾರಾಯಣ, ನಡುವಿನ ಹೊತ್ತಿಗೆಲ್ಲ ಬಂದೂಕು. ನೀವು ಹುಬ್ಬೇರಿಸುವ ಮೊದಲು ಇನ್ನೊಂದು ಮಾತು. ಜೀವಮಾನದಲ್ಲಿ ನಾನು ಬಂದೂಕು ಹಾರಿಸಿದವನಲ್ಲ. ದೀಪಾವಳಿಯಲ್ಲಿ ನಮ್ಮ ಓಣಿಯವರು ದೊಡ್ಡ ಪಟಾಕಿಗೆ ಊದುಬತ್ತಿ ತಾಗಿಸುವ ಮುನ್ನ ನಮ್ಮ ಮನೆಯ ಕಡೆ ತಿರುಗಿ, "ಅಜ್ಜಾರ, ಕಿವಿ ಮುಚ್ಚಿಕೊಳ್ರಿ" ಎಂದು ಕೂಗಿ ತಿಳಿಸುವ ಸೌಜನ್ಯವನ್ನು ಇಟ್ಟುಕೊಂಡಿದ್ದಾರೆ.

ಈ ಗೀಳು ಅಂಟಿದ್ದು ಹಾವೇರಿಯಲ್ಲಿ. ಅಲ್ಲಿಯ ಪಾಠಶಾಲೆಯಲ್ಲಿ ನಾನು ವ್ಯಾಕರಣ ಓದುತ್ತಿದ್ದಾಗ ನಮ್ಮ ಗುರುಗಳ ಮನೆಯ ಎದುರಿಗೇ ಬಂದೂಕಿನ ಅಂಗಡಿಯೊಂದಿತ್ತು. ಮಾಲೀಕರು ಒಬ್ಬ ವೃದ್ಧ ಸಾಹೇಬರು. ಹೊಸ ಕ್ಯಾಟಲಾಗು ಬಂದೊಡನೆ ಹಳೆಯದನ್ನು ಅವರು ಕಟ್ಟೆಯ ಮೇಲಿಡುತ್ತಿದ್ದರು. ಓಣಿಯ ಮಕ್ಕಳೆಲ್ಲ ಅದರ ಹಾಳೆ ಹರಿದು ಪುಸ್ತಕಗಳಿಗೆ ಹೊದಿಕೆ ಹಾಕಿಕೊಳ್ಳುವುದು ರೂಢಿ. ನುಣುಪಾದ ಕಾಗದ, ಎಣ್ಣೆಯ ಕೈ ತಾಗಿದರೂ ಕಲೆ ಹಿಡಿಯುತ್ತಿರಲಿಲ್ಲ. ನನ್ನ ವ್ಯಾಕರಣದ ಪುಸ್ತಕದ ಮೇಲೆ ಜೋಡುನಳಿಗೆಯ ಬಂದೂಕೊಂದು ಮಲಗಿತು. ಗುರುಗಳು ಅದನ್ನು ಬಹಳ ಹೊತ್ತು ನೋಡಿ, "ವ್ಯಾಕರಣಕ್ಕ ಕಾವಲುಗಾರನ್ನ ಇಟ್ಟೀಯೇನೋ? ಛಲೋ ಆತು, ನೀ ಅಂತೂ ಒಳಗ ಹೋಗೂದಿಲ್ಲ" ಎಂದರು. ಗುರುವಚನ ಸುಳ್ಳಾಗಲಿಲ್ಲ. ಒಳಗಿನ ಸೂತ್ರಗಳಿಗಿಂತ ಹೊರಗಿನ ಚಿತ್ರದ ಕೆಳಗಿದ್ದ ಸಣ್ಣ ಅಕ್ಷರಗಳನ್ನೇ ನಾನು ಹೆಚ್ಚು ಓದಿದೆ.

ಓದುತ್ತ ಹೋದಂತೆ ಒಂದು ಸಂಗತಿ ನನ್ನನ್ನು ಕಾಡತೊಡಗಿತು. ಆ ಕಂಪನಿಗಳವರು ಕ್ಯಾಟಲಾಗಿನ ಮೇಲೆ ಇಸವಿ ಹಾಕುತ್ತಿರಲಿಲ್ಲ. ಹಾಕಿದರೆ ಮರುವರ್ಷ ಅದು ಹಳೆಯದಾಗಿ ಕಾಣುತ್ತದೆಂಬ ವ್ಯಾಪಾರದ ಜಾಣ್ಮೆ ಇರಬೇಕು. ಲಿಪಿಕಾರನು ಕಾಲ ಬರೆಯದೆ ಬಿಟ್ಟ ತಾಳೆಗರಿಯನ್ನು ಕಂಡಾಗ ಪಂಡಿತರಿಗೆ ಆಗುವ ಸಂಕಟವೇ ನನಗೂ ಆಯಿತು. ಆ ಗರಿಗಳಿಗೆ ಕಾಲ ಹೇಳುವ ಕ್ರಮವನ್ನು ಗುರುಗಳು ಕಲಿಸಿದ್ದರು. ನಾನು ಅದನ್ನೇ ಬಂದೂಕಿಗೆ ಹಚ್ಚಿದೆ. ತಂತಿಯ ವಿಳಾಸವಿದೆಯೇ, ಟೆಲಿಫೋನು ಬಂದಿದೆಯೇ? ಬೆನ್ನಿನ ರಟ್ಟಿನ ಮೇಲೆ ಅಚ್ಚಾದ ಪದಕದಲ್ಲಿ ಯಾವ ರಾಜನ ಮುಖ? ಹಾಳೆ ಹೊಲಿದದ್ದು ದಾರದಿಂದಲೋ, ತಂತಿಯಿಂದಲೋ? ಚಿತ್ರದಲ್ಲಿ ಬೇಟೆಗೆ ಹೊರಟ ಸಾಹೇಬನ ಮೀಸೆ ಕೆನ್ನೆಯ ಮೇಲಿದೆಯೇ, ತುಟಿಗೆ ಇಳಿದಿದೆಯೇ? ಹೀಗೆ ನಾನು ಭೂತಗನ್ನಡಿ ಹಿಡಿದು ಕೂತದ್ದನ್ನು ಕಂಡು ಪದ್ಮಾವತಿ ಇಟ್ಟ ಹೆಸರು 'ಬಂದೂಕಿನ ಪಂಚಾಂಗ'. "ಇಸವಿನೂ ಇಲ್ಲ, ತಿಥಿನೂ ಇಲ್ಲ. ಇಂಥಾ ಪಂಚಾಂಗ ನೋಡಿ ಯಾರ ಮದಿವಿ ಮಾಡಾವ್ರು ನೀವು?" ಎನ್ನುತ್ತಾಳೆ.

ಈ ಹುಚ್ಚಿನಲ್ಲಿ ನನಗೊಬ್ಬ ಜೊತೆಗಾರರಿದ್ದಾರೆ: ಬ್ಯಾಡಗಿಯ ಹಸನಸಾಹೇಬರು. ಮೆಣಸಿನಕಾಯಿಯ ವ್ಯಾಪಾರದ ಮನೆತನ. ಅವರ ಅಜ್ಜನಿಗೆ ಬೇಟೆಯ ಶೋಕಿ ಇತ್ತು. ನನ್ನ ನೀಲಿ ಪುಸ್ತಕವನ್ನು ಮುದ್ರಿಸಿದ ಕಂಪನಿಯದೇ ಇನ್ನೊಂದು ಕ್ಯಾಟಲಾಗು, ಕಂದು ರಟ್ಟಿನದು, ಅವರ ಬಳಿ ಇದೆ. ಹುಳ ಹತ್ತಬಾರದೆಂದು ಅದನ್ನು ಒಣಮೆಣಸಿನಕಾಯಿಯ ನಡುವೆ ಇಟ್ಟಿರುತ್ತಾರೆ. ಎರಡರಲ್ಲಿ ಯಾವುದು ಹಿರಿದು ಎಂಬುದರ ಮೇಲೆ ನಮ್ಮಿಬ್ಬರ ಜಗಳ ಬಹುಕಾಲದಿಂದ ನಡೆದಿತ್ತು. ನನ್ನದೇ ಅಣ್ಣ ಎಂದು ನಾನು, ತಮ್ಮದೇ ಅಣ್ಣ ಎಂದು ಅವರು. ಎರಡನ್ನೂ ಒಂದೆಡೆ ಇಟ್ಟು ನೋಡಿದರೆ ತೀರುವ ವ್ಯಾಜ್ಯವಲ್ಲವೇ ಎಂದು ನೀವು ಕೇಳುವಿರಿ. ಅದನ್ನೇ ನಾವು ಮಾಡಿರಲಿಲ್ಲ. "ನನ್ನದು ಬಸ್ಸಿನ ಕುಲುಕಾಟ ತಾಳದು, ನಿಮ್ಮದನ್ನು ತನ್ನಿ" ಎಂದು ನಾನು. "ನಮ್ಮ ಮುದುಕ ಹೊಸ್ತಿಲಾ ದಾಟೂದಿಲ್ರಿ ಗುರುಗಳ, ನಿಮ್ಮ ಹುಡುಗನ್ನ ಕರಕೊಂಡು ಬರ್ರಿ" ಎಂದು ಅವರು. ಮೊಬೈಲಿನಲ್ಲಿ ಫೋಟೊ ಕಳಿಸಿಕೊಂಡಿದ್ದೆವು. ಆದರೆ ಫೋಟೊವನ್ನು ಪ್ರಮಾಣವೆಂದು ಒಬ್ಬರೂ ಒಪ್ಪಲಿಲ್ಲ. ಒಳಗಿನ ಮಾತೇನೆಂದರೆ ಸೋಲುವ ಭಯ. ಮುಪ್ಪಿನಲ್ಲಿ ಜಗಳವಾಡಲು ಇಂಥ ನಿರಪಾಯಕರ ವಿಷಯ ಮತ್ತೆ ಸಿಗಬೇಕಲ್ಲ.

ಅದು ನಿರಪಾಯಕರವಾಗಿ ಉಳಿಯಲಿಲ್ಲ. ಕಳೆದ ವರ್ಷ ಒಂದು ಮಧ್ಯಾಹ್ನ ಐರಣಿಯಿಂದ ಒಬ್ಬ ಹೆಣ್ಣುಮಗಳು ಮೋಟರಸೈಕಲ್ಲು ಓಡಿಸಿಕೊಂಡು ಬಂದಳು.

"ಗುರುಗಳ, ಗುರುತು ಸಿಕ್ತೇನ್ರಿ? ನಾ ಶೈಲಾ. ಕಡೀ ಬೆಂಚಿನ್ಯಾಕಿ."

ಸಿಗಲಿಲ್ಲ. ಸಿಕ್ಕಿತೆಂದೆ.

"ನಿಮ್ಮ ಕೈಯಾಗ ಸಂಸ್ಕೃತ ಕಲ್ತೇನ್ರಿ. ಒಂದ ವಿಭಕ್ತಿನೂ ನೆನಪಿಲ್ಲ, ಖರೇ ಹೇಳ್ತೇನಿ. ಆದ್ರ ಪಾಠದ ನಡಕ ಬಂದೂಕಿನ ಪುಸ್ತಕದ ಸುದ್ದಿ ತಗೀತಿದ್ರಲ್ಲ, ಅದು ಅಷ್ಟೂ ನೆನಪೈತಿ."

ಚಹಾ ತಂದ ಪದ್ಮಾವತಿ ಬಾಗಿಲಲ್ಲಿಯೇ ನಿಂತಳು. "ಕೇಳಿದ್ರೇನ್ರಿ? ಪಗಾರ ತಗೊಂಡಿದ್ದು ಯಾವುದಕ್ಕ, ಕಲಿಸಿದ್ದು ಯಾವುದು!"

ಶೈಲಾ ನಕ್ಕಳು, ನಗು ಬೇಗನೆ ಇಳಿಯಿತು. ಅವಳ ತಂದೆ ತೀರಿಕೊಂಡು ಎರಡು ವರ್ಷವಾಗಿತ್ತು. ಬೆಳೆ ಕಾಯಲೆಂದು ಅವರ ಮನೆತನಕ್ಕೆ ಪರವಾನಗಿ ಇದ್ದ ಹಳೆಯ ಬಂದೂಕೊಂದು ಇದೆ. ತಂದೆಯ ನಂತರ ನಿಯಮದಂತೆ ಅದನ್ನು ಹಾವೇರಿಯ ಬಂದೂಕಿನ ಅಂಗಡಿಯಲ್ಲಿ ಜಮಾ ಇಟ್ಟಿದ್ದಾರೆ. ಹೊಳೆಯ ದಂಡೆಯ ಗೋವಿನಜೋಳಕ್ಕೆ ಕಾಡುಹಂದಿಗಳು ಹಿಂಡು ಕಟ್ಟಿಕೊಂಡು ನುಗ್ಗುತ್ತವೆ. ಹೊಲ ನೋಡಿಕೊಳ್ಳುವವಳು ಇವಳೇ ಆದ್ದರಿಂದ ಪರವಾನಗಿಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಹಾಕಿದ್ದಳು. ಎಲ್ಲವೂ ಸರಿಯಾಗಿತ್ತು. ಆದರೆ ಈಗ ಬಂದೂಕಿನ ಮೈಮೇಲಿನ ನಂಬರು ಪರವಾನಗಿಯ ನಂಬರಿಗೆ ಹೊಂದಬೇಕು, ಅದರ ಫೋಟೊ ಕಂಪ್ಯೂಟರಿಗೆ ಏರಬೇಕು. ಬಂದೂಕಿನ ಮೇಲೆ ನಂಬರೇ ಕಾಣದು.

"ನಮ್ಮಪ್ಪ ಪ್ರತಿ ಮಾನೌಮಿಗೆ ಆಯುಧಪೂಜಿಗಂತ ಹುಣಸಿಹಣ್ಣು, ಬೂದಿ ಹಚ್ಚಿ ತಂಬಿಗಿ ತಿಕ್ಕಿದಂಗ ತಿಕ್ತಿದ್ದ್ರಿ. ಕಬ್ಬಿಣ ಕನ್ನಡಿ ಆಗೇತಿ, ಅಕ್ಷರ ಎಲ್ಲಾ ಹೋಗ್ಯಾವು. ತಿಕ್ಕದ ಉಳದಿದ್ದು ಎರಡ ಜಾಗ. ಕುಂಕುಮದ ಜಾಗ. ಆ ಕುಂಕುಮ ಬಿಲ್ಲಿಯಂಗ ಗಟ್ಟಿ ಕುಂತೈತಿ. ನಂಬರ ಇದ್ರ ಅದರ ಬುಡಕ ಇರಬೇಕು. ಆದ್ರ ನಮ್ಮವ್ವ ಮುಟ್ಟಗೊಡವಲ್ಲಳು."

"ನಂಬರು ಸಿಗದಿದ್ದರೆ?"

"ಗುರುತಿಲ್ಲದ ಬಂದೂಕ ಸರಕಾರಕ್ಕ ಹೋಗ್ತದಂತ್ರಿ. ಮುರದು ಹಾಕ್ತಾರಂತ."

ಮೊಬೈಲಿನಲ್ಲಿ ಬಂದೂಕಿನ ಫೋಟೊ ತೋರಿಸಿದಳು. ನೀಲಿ ಪುಸ್ತಕದಲ್ಲಿ ನಾನು ಸಾವಿರ ಸಲ ನೋಡಿದ ಚಿತ್ರ ಅದು. ಹಸನಸಾಹೇಬರ ಕಂದು ಪುಸ್ತಕದಲ್ಲಿಯೂ ಇದ್ದ ಚಿತ್ರ. ಕಾಗದದಲ್ಲಿ ಮಾತ್ರ ಕಂಡಿದ್ದ ದೇವರು ದರ್ಶನ ಕೊಟ್ಟಂತಾಯಿತೆನ್ನಲೇ? ಕೊಟ್ಟದ್ದು ದರ್ಶನವಲ್ಲ, ಪರೀಕ್ಷೆ.

ಎರಡು ದಿನ ಬಿಟ್ಟು ಐರಣಿಗೆ ಹೋದೆ. ಶೈಲಾಳ ತಾಯಿ ಗಂಗವ್ವ ಪಡಸಾಲೆಯಲ್ಲಿ ಕುಳಿತಿದ್ದರು. ಹಿಂದಿನ ಗೋಡೆಯಲ್ಲಿ ಬಂದೂಕು ಮಲಗುತ್ತಿದ್ದ ಎರಡು ಗೂಟಗಳು ಬರಿದಾಗಿದ್ದವು. ಅವುಗಳ ಮೇಲೂ ಬಟ್ಟೆ ಒಣಗಲು ಹಾಕದೆ ಗೌರವದಿಂದ ಬಿಟ್ಟಿದ್ದರು.

"ಬರ್ರಿ ಗುರುಗಳ, ಕುಂದ್ರಿ," ಎಂದರು. ಮಾತು ಮಾತ್ರ ನೇರ. "ನಮ್ಮನ್ಯಾಗ ಬಂದೂಕಕ್ಕ ಹಚ್ಚಿದ ಕುಂಕುಮ ಒರಸೂ ಪದ್ಧತಿ ಇಲ್ರಿ. ಹ್ವಾದ ವರ್ಷದ್ದರ ಮ್ಯಾಲ ಈ ವರ್ಷದ್ದು. ಮನಿಗೆ ಬಂದ ಸೊಸಿಗೆ ಒಂದೊಂದು ಜಾಗ. ನಳಗಿ ಮ್ಯಾಲಿಂದು ನಮ್ಮತ್ತಿದು. ಕುದರಿ ಬುಡಕಿಂದು ನಂದು. ನಾ ಬಂದ ವರ್ಷ ನಮ್ಮಾವ ತೋರಿಸಿ ಕೊಟ್ಟ ಜಾಗ ಅದು."

ಕುದುರೆಯೆಂದರೆ ಹಾರಿಸುವ ಮುನ್ನ ಹಿಂದಕ್ಕೆ ಎಳೆಯುವ ಕೊಕ್ಕಿನಂಥ ಭಾಗ. ಬಂದೂಕಿನ ಅಂಗಗಳನ್ನು ಆ ತಾಯಿ ಮಗುವಿನ ಕೈಕಾಲುಗಳಂತೆ ಹೇಳುತ್ತಿದ್ದರು.

"ಈಗಲೂ ಹಾವೇರಿಗೆ ಹೋಗಿ ಪೂಜೆ ಮಾಡುತ್ತೀರಂತೆ?"

"ಮಾನೌಮಿಗೆ ಹೋಗ್ತೇವ್ರಿ. ಹೂವು, ಕಾಯಿ ಶೈಲಾ ಮಾಡ್ತಾಳ. ನಾ ದೂರ ನಿಂದರತೇನಿ." ಬರಿದಾದ ಗೂಟಗಳತ್ತ ತಿರುಗಿದರು. "ಇವ್ರು ಹೋದಮ್ಯಾಲೆ ನಾ ಕುಂಕುಮ ಇಟ್ಟಿಲ್ರಿ. ಅಲ್ಲಿರೂದು ಅವ್ರು ಇದ್ದಾಗಿಂದು. ಅತ್ತಿದು ಕೆರದ್ರ ಹಿರ್ಯಾರಿಗೆ ಏನ ಹೇಳ್ಲಿ? ನಂದು ಕೆರದ್ರ, ಮತ್ತ ಅಲ್ಲೆ ಇಡಾಕ ನಾ ಯಾರು?"

ಕಡೆಗೆ ಗಂಗವ್ವನೇ ತೀರ್ಪು ಕೊಟ್ಟರು: "ಎರಡೂ ಕೆರದು ನೋಡೂಣು ಅನಬ್ಯಾಡ್ರಿ. ಒಂದು ಹೇಳ್ರಿ. ಓದಿದವ್ರು ನೀವು, ಯಾವುದಂತ ಹೇಳ್ರಿ. ಅದರಾಗ ಇರಲಿಲ್ಲಂದ್ರ ಬಂದೂಕ ಹೋಗಲಿ."

ಓದಿದವರು ಎಂಬ ಪದವನ್ನು ನನ್ನ ಜೀವನದಲ್ಲಿ ಬಹಳ ಜನ ಬಹಳ ಸಲ ಬಳಸಿದ್ದಾರೆ. ಅಂದಿನಂತೆ ಅದು ಎಂದೂ ಭಾರವಾಗಿರಲಿಲ್ಲ.

ಯಾಕೆಂದರೆ ಯಾವ ಜಾಗವೆಂಬುದಕ್ಕೆ ಉತ್ತರ ಕ್ಯಾಟಲಾಗಿನಲ್ಲಿತ್ತು, ಮತ್ತು ಎರಡು ಕ್ಯಾಟಲಾಗುಗಳಲ್ಲಿ ಎರಡು ಉತ್ತರಗಳಿದ್ದವು. ಆ ಕಂಪನಿಯವರು ಕೊನೆಯ ಪುಟದಲ್ಲಿ, ನಕಲಿ ಮಾಲಿಗೆ ಮೋಸಹೋಗದಿರಿ, ನಮ್ಮ ಹೆಸರು ಮತ್ತು ನಂಬರನ್ನು ಇಂಥಲ್ಲಿ ನೋಡಿ ಎಂದು ಎಚ್ಚರಿಸಿದ್ದರು. ನನ್ನ ನೀಲಿ ಪುಸ್ತಕದ ಪ್ರಕಾರ ಅದು ಕುದುರೆಯ ಕೆಳಗೆ, ಎಡಮಗ್ಗುಲಲ್ಲಿ. ಹಸನಸಾಹೇಬರ ಕಂದು ಪುಸ್ತಕದ ಪ್ರಕಾರ ನಳಿಗೆಯ ಮೇಲ್ಭಾಗದಲ್ಲಿ. ನಡುವೆ ಎಂದೋ ಕಂಪನಿಯವರು ಜಾಗ ಬದಲಿಸಿದ್ದಾರೆ. ಎರಡು ಪುಸ್ತಕಗಳ ಬೆನ್ನಿನ ಮೇಲೂ ಒಬ್ಬನೇ ಗಡ್ಡದ ರಾಜ. ಬಂದೂಕನ್ನು ಹೊಸದಾಗಿ ಕೊಂಡಾಗ ಗಂಗವ್ವನ ಮಾವ ಮಾಡಿಸಿದ ಪರವಾನಗಿಯ ಮೇಲಿದ್ದುದು ಅವನ ನಂತರದ ರಾಜನ ಮುದ್ರೆ. ಅಂದರೆ ಬಂದೂಕು ಎರಡೂ ಪುಸ್ತಕಗಳಿಗಿಂತ ಈಚಿನದು. ಆದ್ದರಿಂದ ಎರಡರಲ್ಲಿ ಯಾವ ಪುಸ್ತಕ ಕಿರಿದೋ, ಅದು ಹೇಳಿದ ಜಾಗವೇ ಸರಿ. ಇಷ್ಟು ಕಾಲ ವಿನೋದಕ್ಕೆಂದು ಸಾಕಿಕೊಂಡ ನಮ್ಮ ಜಗಳ ಈಗ ಒಬ್ಬ ತಾಯಿಯ ಕುಂಕುಮದ ಮೇಲೆ ಬಂದು ನಿಂತಿತ್ತು.

ನೀಲಿ ಪುಸ್ತಕವನ್ನು ಮಡಿವಸ್ತ್ರದಲ್ಲಿ ಸುತ್ತಿ, ಎದೆಗವಚಿಕೊಂಡು, ಬ್ಯಾಡಗಿಯ ಬಸ್ಸು ಹತ್ತಿದೆ. ಪಕ್ಕದಲ್ಲಿ ಕುಳಿತ ರೈತರೊಬ್ಬರು "ಯಾವ ದೇವರ್ರಿ?" ಎಂದು ಕೇಳಿದರು. ಏನು ಹೇಳಲಿ? "ಇನ್ನೂ ಗೊತ್ತಾಗಿಲ್ಲ" ಎಂದೆ. ಅವರು ಕೈ ಮುಗಿದು ಸರಿದು ಕುಳಿತರು.

ಹಸನಸಾಹೇಬರ ಮನೆಯ ಅಂಗಳದಲ್ಲಿ ಕೆಂಪು ಹಾಸಿನಂತೆ ಮೆಣಸಿನಕಾಯಿ ಹರಡಿತ್ತು. ನಾನು ಸೀನುತ್ತಲೇ ಒಳಗೆ ಹೋದೆ.

"ಆಗಾ! ಗುರುಗಳು ತಮ್ಮನ್ನ ಕರಕೊಂಡು ಅಣ್ಣನ ಮನಿಗೆ ಬಂದ್ರು!" ಎಂದು ಅವರು ಎದ್ದು ನಿಂತರು. ಸಂಗತಿ ಕೇಳಿದ ಮೇಲೆ ಟೋಪಿ ಸರಿಪಡಿಸಿಕೊಂಡು, ಒಳಗಿನಿಂದ ಕಂದು ಪುಸ್ತಕವನ್ನು ತಂದು ಮಂಚದ ಮೇಲೆ ನನ್ನದರ ಮಗ್ಗುಲಿಗೆ ಇಟ್ಟರು. ಅಂತೂ ಎರಡೂ ಒಂದೆಡೆ ಕೂಡಿದವು.

ಇಬ್ಬರೂ ತಲೆಗೆ ತಲೆ ತಾಗಿಸಿ ನೋಡಿದೆವು. ಕಾಗದ ಒಂದೇ, ಅಕ್ಷರ ಒಂದೇ, ಬೇಟೆಯ ಚಿತ್ರದ ಸಾಹೇಬನ ಮೀಸೆಯೂ ಒಂದೇ. ಊಟವಾಯಿತು, ಮತ್ತೆ ನೋಡಿದೆವು. ಕಡೆಗೆ ಗಂಗವ್ವನ ಬಂದೂಕಿನ ಚಿತ್ರವನ್ನು ಎರಡರಲ್ಲೂ ತೆಗೆದಿಟ್ಟೆವು. ನನ್ನ ಪುಸ್ತಕದಲ್ಲಿ ಮರದ ಹಿಡಿಗೆ ಅಡ್ಡಲಾಗಿ ಕೂದಲಿನಷ್ಟು ತೆಳುವಾದ ಬಿಳಿಯ ಗೆರೆ. ಅವರದರಲ್ಲಿ ಇಲ್ಲ.

"ಇದೇನ್ರಿ ಗುರುಗಳ?"

"ಗೀರು. ಹುಳದ ದಾರಿಯೋ ಏನೋ," ಎಂದೆ. ಈ ಗೆರೆಯನ್ನು ನಾನು ಯಾವಾಗಲೂ ಕಂಡೇ ಇದ್ದೆ, ಯಾವಾಗಲೂ ಹಾಗೆಯೇ ತಿಳಿದಿದ್ದೆ.

"ಗೀರಾದ್ರ ಬೆರಳಿಗೆ ಹತ್ತಬೇಕಲ್ರಿ." ಬೆರಳಾಡಿಸಿದರು, ಹತ್ತಲಿಲ್ಲ. ನನ್ನ ಪುಸ್ತಕದಲ್ಲಿ ಅದೇ ಚಿತ್ರ ಕಡೆಯ ಹಾಳೆಗಳಲ್ಲಿ ಇನ್ನೊಮ್ಮೆ ಬರುತ್ತದೆ. ತೆಗೆದೆ. ಅಲ್ಲಿಯೂ ಅದೇ ಗೆರೆ, ಅದೇ ಜಾಗದಲ್ಲಿ. ಅಂದಮೇಲೆ ಗೆರೆ ಕಾಗದದ್ದಲ್ಲ, ಚಿತ್ರವನ್ನು ಒತ್ತಿದ ಅಚ್ಚಿನದು. ಅಚ್ಚು ಬಿರಿದಿದೆ, ಬಿರಿದ ಸಂದಿಗೆ ಮಸಿ ಹತ್ತಿಲ್ಲ. ಮೂಲದ ಗರಿ ಮುಕ್ಕಾದ ಮೇಲೆ ಎತ್ತಿದ ಪ್ರತಿಯಲ್ಲಿ ಅಷ್ಟು ಅಕ್ಷರ ಖಾಲಿ ಉಳಿಯುವುದಿಲ್ಲವೇ, ಹಾಗೆ. ಬಿರಿದ ಅಚ್ಚು ತಾನಾಗಿ ಕೂಡದು. ಬಿರುಕಿಲ್ಲದ್ದು ಮೊದಲು, ಬಿರುಕಿದ್ದದ್ದು ಆಮೇಲೆ.

"ಅಂದ್ರ ನಂದ ಅಣ್ಣ!" ಹಸನಸಾಹೇಬರು ತೊಡೆ ತಟ್ಟಿ ನಕ್ಕರು. "ಹಾರ ಹಾಕ್ರಿ ಗುರುಗಳ, ಹಾರ ಹಾಕ್ರಿ ನಮ್ಮ ಮುದುಕಗ!"

ನಗುತ್ತಿದ್ದವರು ನನ್ನ ಮುಖ ನೋಡಿ ನಿಂತರು. ನನ್ನದು ಕಿರಿದಾದರೆ ಒರೆಸಬೇಕಾದ ಜಾಗ ಕುದುರೆಯ ಕೆಳಗಿನದು. ಗಂಗವ್ವನದು.

"ಯಾ ಅಲ್ಲಾ," ಎಂದರು ಮೆಲ್ಲಗೆ. ಆಮೇಲೆ ಬಸ್ಸಿಗೆ ಕಳಿಸಲು ಬಂದಾಗ, ಕಪಟವೇನೂ ಇಲ್ಲದೆ ಒಂದು ಮಾತು ಕೇಳಿಬಿಟ್ಟರು: "ಅಲ್ರಿ ಗುರುಗಳ, ಅಚ್ಚು ಎರಡ ಇದ್ದಿದ್ರ? ಒಂದು ಮೊದಲ ಬಿರಿದಿದ್ದು, ಒಂದು ಗಟ್ಟಿ ಇದ್ದಿದ್ದು?"

ಬಸ್ಸು ಹೊರಟಿತು. ಆ ಪ್ರಶ್ನೆ ನನ್ನ ಪಕ್ಕದಲ್ಲಿ ಕುಳಿತು ರಾಣೇಬೆನ್ನೂರಿನವರೆಗೂ ಬಂತು, ಮನೆಯೊಳಗೂ ಬಂತು. ಎರಡು ಅಚ್ಚುಗಳಿದ್ದರೆ ಬಿರುಕು ಏನನ್ನೂ ಹೇಳದು. ಗಂಗವ್ವ ಮತ್ತೆ ಇಡಲಾರೆನೆಂದ ಕುಂಕುಮವನ್ನು ಅಳಿಸಿ, ಅದರಡಿಯಲ್ಲಿ ಬರಿಯ ಕಬ್ಬಿಣವನ್ನು ತೋರಿಸಿ, ನಾನು ಯಾವ ಮುಖದಿಂದ ಮನೆಗೆ ಬರಲಿ? ಮುಂದಿನ ದಿನಗಳಲ್ಲಿ ಜಪದ ಮಣಿ ಎಲ್ಲಿಯೋ, ಮನಸ್ಸು ಎಲ್ಲಿಯೋ. ಅಭಿಷೇಕದ ಹಾಲಿನ ಬಟ್ಟಲೆಂದು ಚಹಾದ ಬಟ್ಟಲಿಗೆ ಕೈ ಹಾಕಿದ್ದೆ. "ದೇವರಿಗೆ ನಿದ್ದಿ ಬಂದಿಲ್ರಿ, ಚಹಾ ಬ್ಯಾಡಂತ ಅವ್ಗ" ಎಂದು ಪದ್ಮಾವತಿ ಕೈ ಹಿಡಿದಳು. ಸಂಜೆ ನೀಲಿ ಪುಸ್ತಕವನ್ನು ತಂದು ನನ್ನ ಮುಂದೆ ಇಟ್ಟು, "ನೀವು ಹೇಳಲಿಲ್ಲಂದ್ರೂ ಬಂದೂಕ ಹೋಗ್ತದ. ಹೇಳಿದ್ರ ಉಳದ್ರೂ ಉಳೀಬಹುದು. ಹೆದರಕೊಂಡ ಹೇಳ್ರಿ, ಆದ್ರ ಹೇಳ್ರಿ" ಎಂದಳು.

ಗೊತ್ತುಪಡಿಸಿದ ದಿನ ಎಲ್ಲರೂ ಹಾವೇರಿಯ ಅಂಗಡಿಯಲ್ಲಿ ಸೇರಿದೆವು. ಗುರುಗಳ ಮನೆ ಇದ್ದ ಜಾಗದಲ್ಲಿ ಈಗ ಬೇರೇನೋ ಇದೆ. ಅಂಗಡಿ ಮಾತ್ರ ಅದೇ, ಕಟ್ಟೆಯೂ ಅದೇ. ಅಂದಿನ ಸಾಹೇಬರ ಮೊಮ್ಮಗ ರಫೀಕ ಈಗಿನ ಮಾಲೀಕ. ಠಾಣೆಯಿಂದ ಒಬ್ಬ ಹವಾಲ್ದಾರರು ಪರವಾನಗಿಯ ಕಾಗದ ಹಿಡಿದು ಬಂದಿದ್ದರು. ಹಸನಸಾಹೇಬರೂ ಬಂದಿದ್ದರು, ಕಂಕುಳಲ್ಲಿ ಕಂದು ಪುಸ್ತಕ. "ಮುದುಕ ಹೊಸ್ತಿಲಾ ದಾಟ್ಯಾನ್ರಿ," ಎಂದರು. "ತಮ್ಮ ಒಬ್ಬನ ಹೋದ್ರ ಹ್ಯಾಂಗ?"

ರಫೀಕ ಬಂದೂಕನ್ನು ಒಳಗಿನಿಂದ ತಂದು, ಖಾಲಿ ಇದೆಯೆಂದು ಹವಾಲ್ದಾರರಿಗೆ ತೆರೆದು ತೋರಿಸಿ, ಮೇಜಿನ ಬಟ್ಟೆಯ ಮೇಲೆ ಮಲಗಿಸಿದ. ನನ್ನ ಜೀವಮಾನದ ಚಿತ್ರ ನನ್ನ ಕೈಯಳತೆಯಲ್ಲಿತ್ತು; ಮುಟ್ಟಲು ಧೈರ್ಯವಾಗಲಿಲ್ಲ. ಬೆಳ್ಳಿಯಂತೆ ಹೊಳೆಯುವ ಕಬ್ಬಿಣ. ಅದರ ಮೇಲೆ ಎರಡು ಕುಂಕುಮದ ಬಿಲ್ಲೆಗಳು, ಒಣಗಿ ಕಪ್ಪಾಗಿ, ಅರಗಿನ ಮುದ್ರೆಗಳಂತೆ.

"ಎರಡಕ್ಕೂ ಒಂದೀಟು ಸೀಮೆಎಣ್ಣಿ ಹಾಕಿದ್ರ ಎರಡ ನಿಮಿಷದ ಕೆಲಸ ಐತ್ರಿ," ಎಂದ ರಫೀಕ. ಶೈಲಾ ಅವನನ್ನು ಒಮ್ಮೆ ನೋಡಿದಳು. ಅವನು ಡಬ್ಬಿಯನ್ನು ಮೇಜಿನ ಕೆಳಗೆ ಇಟ್ಟ.

"ಹೇಳ್ರಿ ಗುರುಗಳ," ಎಂದರು ಗಂಗವ್ವ. "ಯಾವುದು?"

ಕುದುರೆಯ ಕೆಳಗೆ ಬೆರಳು ತೋರಿಸಿದೆ.

"ನಂದಾ?"

"ಹೌದವ್ವಾ."

"ಖಾತ್ರಿ ಐತೇನ್ರಿ?"

ಸುಳ್ಳು ಹೇಳಲು ಅದು ಸ್ಥಳವಲ್ಲ. "ನನ್ನ ಓದಿನ ಮಟ್ಟಿಗೆ ಐತ್ರಿ. ಅದರಾಚೆಗೆ ಹೆದರಿಕೆ ಐತಿ."

ಗಂಗವ್ವ ಸೆರಗಿನ ಗಂಟಿನಿಂದ ಕೊಬ್ಬರಿ ಎಣ್ಣೆಯ ಪುಟ್ಟ ಸೀಸೆಯನ್ನು ತೆಗೆದರು. ಮನೆಯಿಂದ ಹೊರಡುವಾಗಲೇ ಸಿದ್ಧರಾಗಿ ಬಂದಿದ್ದರೆಂಬುದು ನನಗೆ ಆಗ ತಿಳಿಯಿತು. "ಹಿಂದಕ್ಕ ಸರೀರಿ. ನಾ ಇಟ್ಟಿದ್ದು ನಾನ ತಗೀತೇನಿ."

ಎಣ್ಣೆ ಹನಿಸಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಮಗುವಿನ ಹಣೆಯನ್ನು ಒರೆಸುವಂತೆ ಒರೆಸತೊಡಗಿದರು. ಮೊದಲು ಕಪ್ಪು ಬಂತು. ಆಮೇಲೆ ಕಂದು. ಆಮೇಲೆ ಒಮ್ಮೆಲೇ ಕಡುಕೆಂಪು, ನಿನ್ನೆ ಇಟ್ಟಂತೆ. ಅವರ ಕೈ ಅಲ್ಲಿ ಒಂದು ಗಳಿಗೆ ನಿಂತಿತು. ಯಾವ ವರ್ಷದ ಪದರವೋ ಅದು, ಅವರೇ ಬಲ್ಲರು. ಮತ್ತೆ ಒರೆಸಿದರು. ಕೆಂಪು ರಾಡಿಯಲ್ಲಿ ನನಗೇನೂ ಕಾಣಲಿಲ್ಲ. ಹಸನಸಾಹೇಬರು ತುಟಿಯೊಳಗೆ ಏನೋ ಪಠಿಸುತ್ತಿದ್ದರು. ನಾನೂ ಪಠಿಸುತ್ತಿದ್ದೆ, ಏನೆಂದು ಈಗ ಕೇಳಿದರೆ ಹೇಳಲಾರೆ. ಎರಡು ಅಚ್ಚು, ಎರಡು ಅಚ್ಚು ಎಂದು ತಲೆಯೊಳಗೆ ಬಡಿಯುತ್ತಿತ್ತು.

"ಅವ್ವಾ, ತಡೀ," ಎಂದಳು ಶೈಲಾ, ಬಗ್ಗಿ. "ಅದೇನದು, ಸೊನ್ನಿ ಇದ್ದಂಗ?"

ಸೊನ್ನೆಯೇ. ಅದರ ಮಗ್ಗುಲಿಗೆ ಇನ್ನೊಂದು ಅಂಕಿ, ಮತ್ತೊಂದು. ಮೇಲೆ ಕಂಪನಿಯ ಹೆಸರು, ಮೊದಲ ಅಕ್ಷರ ಮಾತ್ರ ಸವೆದು ಹೋಗಿತ್ತು. ಸುತ್ತಲಿನ ಕುಂಕುಮವೆಲ್ಲ ಒರೆಸಿಹೋಗಿದ್ದರೂ ಕೊರೆದ ಗೆರೆಗಳೊಳಗೆ ಇಳಿದದ್ದು ಹಾಗೆಯೇ ಉಳಿದಿತ್ತು. ಹೊಳೆಯುವ ಕಬ್ಬಿಣದ ಮೇಲೆ ಕೆಂಪು ಅಂಕಿಗಳು.

ಹವಾಲ್ದಾರರು ಕನ್ನಡಕ ಏರಿಸಿ ಕಾಗದಕ್ಕೆ ಹೊಂದಿಸಿ ನೋಡಿದರು. "ಕೂಡ್ತೈತ್ರಿ," ಎಂದರು. "ಬಣ್ಣ ತುಂಬಿದಂಗ ಐತಲ್ರಿ ಅಜ್ಜಿ! ಬರೇ ಕಬ್ಬಿಣ ಇದ್ದಿದ್ರ ಈ ಸವದ ನಂಬರ ಫೋಟೋದಾಗ ಬರ್ತಿದ್ದಿಲ್ಲ ನೋಡ್ರಿ." ಮೊಬೈಲಿನಲ್ಲಿ ಫೋಟೊ ಹಿಡಿದರು.

ನಾನು ರಫೀಕನ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ನಿಂತಿದ್ದೆನೆಂಬುದೇ ಅಲ್ಲಿಯವರೆಗೆ ಮರೆತಿತ್ತು. ಹಸನಸಾಹೇಬರು ನನ್ನ ಭುಜದ ಮೇಲೆ ಕೈ ಇಟ್ಟು, "ತಮ್ಮ ಗೆದ್ದ ಬಿಡ್ರಿ ಗುರುಗಳ," ಎಂದರು.

ಎಲ್ಲರೂ ಮಾತಾಡುತ್ತಿದ್ದಾಗ ಗಂಗವ್ವ ಮಾತ್ರ ಬರಿದಾದ ಜಾಗವನ್ನೇ ನೋಡುತ್ತಿದ್ದರು. ಶೈಲಾ ಪೂಜೆಗೆಂದು ತಂದಿದ್ದ ಕುಂಕುಮದ ಭರಣಿ ಮೇಜಿನ ಮೇಲಿತ್ತು. ಅವಳು ಅದನ್ನು ತೆರೆದು, ತಾಯಿಯತ್ತ ನೋಡಿ, ಹಾಗೆಯೇ ನಿಂತಳು. ಗಂಗವ್ವ ನನ್ನ ಕಡೆ ತಿರುಗಿದರು.

"ಗುರುಗಳ," ಎಂದರು. ಅಷ್ಟೇ. ಮುಂದಿನದನ್ನು ಕೇಳಲಿಲ್ಲ.

ಎರಡು ಗ್ರಂಥ ನೋಡದೆ ಏಕಾದಶಿಯ ಫಲಾಹಾರವನ್ನೂ ಹೇಳದವನು ನಾನು. ನೋಡಿ ತಿಳಿಸುತ್ತೇನೆ ಎಂಬ ಮಾತು ರೂಢಿಯಿಂದ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿದೆ.

"ಇಡ್ರಿ ಅವ್ವಾ," ಎಂದೆ. "ಆ ಜಾಗ ನಿಮ್ಮದು. ನಂಬರಿಗೆ ಒಂದೀಟು ಮ್ಯಾಲೆ ಇಡ್ರಿ."

ಅವರು ಇಟ್ಟರು.

ಓದುಗರೇ, ಇಲ್ಲಿಗೆ ನಿಲ್ಲಿಸುತ್ತೇನೆ. ನನಗೆ ಮತ್ತೆ ಸೀನು ಬರುತ್ತಿದೆ. ಸಮುದ್ರದಾಚೆ ಎಲ್ಲಿಯೋ ಕುಳಿತು ಆ ಚಿತ್ರವನ್ನು ಕೊರೆದವನಿಗೂ, ಸರಿಯಾದ ಕಾಲಕ್ಕೆ ಬಿರಿದ ಅವನ ಅಚ್ಚಿಗೂ ಒಳ್ಳೆಯದಾಗಲಿ. ಹೊಸ್ತಿಲು ದಾಟಿದ ಹಸನಸಾಹೇಬರ ಮುದುಕನಿಗೂ, ಅವನನ್ನು ಕಾದ ಬ್ಯಾಡಗಿಯ ಮೆಣಸಿನಕಾಯಿಗೂ, ಸೀಮೆಎಣ್ಣೆಯನ್ನು ಮೇಜಿನ ಕೆಳಗಿಟ್ಟ ರಫೀಕನಿಗೂ, ಕನ್ನಡಕ ಏರಿಸಿ ತಾಳ್ಮೆಯಿಂದ ಓದಿದ ಹವಾಲ್ದಾರರಿಗೂ ಆಯುರಾರೋಗ್ಯವಿರಲಿ. ಹೆದರಿಕೊಂಡಾದರೂ ಹೇಳೆಂದ ಪದ್ಮಾವತಿಗೆ ದೇವರು ಇನ್ನಷ್ಟು ಸಹನೆ ಕೊಡಲಿ. ಶೈಲಾಳ ಗೋವಿನಜೋಳ ತೆನೆ ತುಂಬಲಿ. ಬಂದೂಕಿನ ಸದ್ದು ಕೇಳಿಯೇ ಹಂದಿಗಳು ಹೊಳೆಯ ಜೊಂಡಿಗೆ ಮರಳಲಿ, ಅವೂ ಬದುಕಲಿ. ಐರಣಿಯ ಪಡಸಾಲೆಯ ಎರಡು ಗೂಟಗಳ ಮೇಲೆ ಅದು ನೆಮ್ಮದಿಯಾಗಿ ಮಲಗಿರಲಿ, ಮತ್ತು ವರ್ಷ ವರ್ಷವೂ ನಂಬರಿಗೆ ಒಂದೀಟು ಮೇಲೆ ಗಂಗವ್ವನ ಕುಂಕುಮ ಪದರದ ಮೇಲೆ ಪದರವಾಗಿ ಏರುತ್ತಿರಲಿ.